ಮೂರು ಬರ್ಚ್, ಮೂರು ಪೈನ್, ಎರಡು ಕಿಲೋ ಕಲ್ಲುಪ್ಪು

ನಿಮಗೂ ಹೀಗೆ ಆಗಿದೆಯೇ, ಹೇಳಿ. ಒಂದು ವಿಷಯ ನಿಮಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದು ನಿಮಗೆ ಚೆನ್ನಾಗಿಯೇ ಗೊತ್ತು. ಆದರೆ ಎದುರಿಗೆ ಕೂತವರು ಇವಳಿಗೆ ಗೊತ್ತಿದೆ ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ಅವರ ಮುಖದಲ್ಲಿರುವ ಭರವಸೆ ನೋಡಿ ನಿಮಗೆ ಒಳಗೊಳಗೇ ಖುಷಿಯೂ ಆಗುತ್ತಿದೆ. ಗೊತ್ತಿಲ್ಲ ಎಂಬ ಒಂದೇ ಒಂದು ಮಾತು ಗಂಟಲಲ್ಲಿ ಕೂತಿದೆ. ಬಾಯಿ ತೆರೆದರೆ ಬರುವುದು ಬೇರೆಯೇ: "ನೋಡಿ, ಅದು ಹೇಗೆಂದರೆ..."

ಆಗಿಲ್ಲ ಎನ್ನುವವರು ಗಲ್ಫಿನಲ್ಲಿ ಬದುಕಿದವರಲ್ಲ. ಇಲ್ಲಿ ಸಲಹೆ ಕೊಡದವರೇ ಇಲ್ಲ. ನಮ್ಮ ಕಟ್ಟಡದ ಎ.ಸಿ. ರಿಪೇರಿಯವನು ನಮ್ಮವರ ಸೊಂಟನೋವಿಗೆ ಕಷಾಯ ಹೇಳುತ್ತಾನೆ. ಆ ಕಷಾಯ ಕುಡಿದ ನಮ್ಮವರು ಅವನ ತಮ್ಮ ಯಾವ ಕೋರ್ಸ್ ಓದಬೇಕೆಂದು ಹೇಳುತ್ತಾರೆ. ಸೊಂಟವೂ ಹಾಗೇ ಇದೆ, ತಮ್ಮನೂ ಹಾಗೇ ಇದ್ದಾನೆ.

ಮೊನ್ನೆ ಶುಕ್ರವಾರ ಅಡುಗೆಮನೆಯ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡ್ ಹುಡುಕುತ್ತಿದ್ದೆ. ಫರ್ವಾನಿಯಾದ ನಮ್ಮ ಫ್ಲ್ಯಾಟಿನ ಆ ಡ್ರಾಯರ್‌ನಲ್ಲಿ ಏನಿಲ್ಲ ಕೇಳಿ. ಸತ್ತ ಬ್ಯಾಟರಿ, ಯಾವ ಬೀಗಕ್ಕೂ ಹೊಂದದ ಕೀಲಿ, ಹೋಟೆಲಿನವರು ಕೊಟ್ಟ ಕೆಚಪ್ ಪೊಟ್ಟಣ, ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಮೀನಿನ ಕತ್ತರಿ. ಕೈಗೆ ಸಿಕ್ಕಿದ್ದು ಮಾತ್ರ ಒಂದು ಪ್ಲಾಸ್ಟಿಕ್ ಚೀಟಿ. ನರ್ಸರಿಯಲ್ಲಿ ಗಿಡದ ಕುತ್ತಿಗೆಗೆ ಕಟ್ಟಿರುತ್ತಾರಲ್ಲ, ಅದು. ಅದರ ಮೇಲೆ ಬಿಳಿ ಕಾಂಡದ ಒಂದು ಮರ, ಮರದ ಬುಡದಲ್ಲಿ ಹಿಮ. ಕುವೈತಿನಲ್ಲಿ ಹಿಮ ನೋಡಬೇಕಾದರೆ ಫ್ರೀಜರ್ ತೆರೆಯಬೇಕು. ಅಂಥ ಊರಿಗೆ ಆ ಮರ ಬಂದದ್ದು ಹೇಗೆ, ಹೋದದ್ದು ಹೇಗೆ ಎಂದು ಹೇಳುತ್ತೇನೆ. ಎರಡು ವರ್ಷವಾಯಿತು. ಈಗ ಹೇಳಬಹುದು.

ನನ್ನ ಪೇಜನ್ನು ನೋಡುವವರಿಗೆ ನನ್ನ ಬಾಲ್ಕನಿ ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ. ನಾನು ಜಾಬ್ರಿಯಾದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷದಿಂದ ರಿಸೆಪ್ಷನಿಸ್ಟ್. ಮನೆಯಲ್ಲಿ ನಮ್ಮವರು, ಆಗ ಹನ್ನೆರಡನೇ ಕ್ಲಾಸಿನಲ್ಲಿದ್ದ ಮಗಳು ಸಾನ್ವಿ, ಮತ್ತು ಬಾಲ್ಕನಿಯ ಪೇಂಟ್ ಡಬ್ಬಗಳಲ್ಲಿ ಬಸಳೆ. ಬಸಳೆಯ ವೀಡಿಯೋ ಹಾಕಿ ಹಾಕಿ ಊರಿನ ಜನ, ಗಲ್ಫಿನ ಜನ ಎಲ್ಲ ಸೇರಿ ನನ್ನನ್ನು ತೋಟಗಾರಿಕೆಯ ಪಂಡಿತೆ ಮಾಡಿಬಿಟ್ಟರು. ನಿಜ ಹೇಳಬೇಕೆಂದರೆ ಬಸಳೆ ಬೆಳೆಸಲು ಪಂಡಿತರು ಬೇಕಾಗಿಲ್ಲ. ಬಸಳೆಗೆ ನೀರು ಕಂಡರೆ ಸಾಕು, ನಮ್ಮನ್ನು ಕೇಳದೆ ಬೆಳೆಯುತ್ತದೆ. ಒಂದು ದಿನ ಕ್ಲಿನಿಕ್ಕಿನಲ್ಲಿ ಊಟದ ಹೊತ್ತಿಗೆ ನಮ್ಮ ಡಾಕ್ಟ್ರಿಗೂ ಆ ವೀಡಿಯೋ ತೋರಿಸಿದೆ. ಅಲ್ಲಿಂದ ಶುರುವಾಯಿತು.

ಡಾಕ್ಟ್ರ ಹೆಸರು ಮನಾಲ್. ಕುವೈತಿಯವರು. ಐವತ್ತರ ಆಸುಪಾಸು, ಮಿತ ಮಾತು. ಓದಿದ್ದು ಯಾವುದೋ ಚಳಿದೇಶದಲ್ಲಿ, ಆರು ವರ್ಷ. ಆ ವರ್ಷ ಕ್ಲಿನಿಕ್ಕನ್ನು ಹಳೆಯ ಕಟ್ಟಡದ ಎರಡನೇ ಮಹಡಿಯಿಂದ ಒಂದು ವಿಲ್ಲಾಕ್ಕೆ ಸ್ಥಳಾಂತರ ಮಾಡಿದ್ದರು. ಮುಂದೆ ಕಾಂಪೌಂಡಿನೊಳಗೆ ಎಂಟು ಹೆಜ್ಜೆ ಅಗಲದ ಖಾಲಿ ಜಾಗ. ಅವರು ನನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ತಮ್ಮ ಹಾಸ್ಟೆಲಿನ ಕಿಟಕಿಯಿಂದ ಮುಂದೆ ಬಿಳಿ ಬರ್ಚ್ ಮರಗಳು, ಅದರ ಹಿಂದೆ ಕಪ್ಪು ಹಸಿರಿನ ಪೈನ್ ಮರಗಳು ಕಾಣುತ್ತಿದ್ದವು ಎಂದರು. ಮೊದಲ ವರ್ಷ ಮನೆ ನೆನಪಾಗಿ ಅತ್ತದ್ದೆಲ್ಲ ಆ ಮರಗಳಿಗೆ ಗೊತ್ತಂತೆ. ಈಗ ಇಲ್ಲಿ ಕೂತರೆ ಆ ಮರಗಳು ನೆನಪಾಗುತ್ತವಂತೆ. ಎರಡರಲ್ಲಿ ಯಾವುದನ್ನು ನೆಡಬಹುದು, ಹೇಗೆ ನೋಡಿಕೊಳ್ಳಬೇಕು, ಒಂದು ಪುಟ ಬರೆದು ಕೊಡು, ನಿನಗೆ ಗೊತ್ತಿರುತ್ತದಲ್ಲ ಎಂದರು.

ನಾನು ಗಂಟಲು ಸರಿಮಾಡಿಕೊಂಡೆ.

ನನ್ನ ಜೀವಮಾನದಲ್ಲಿ ಬರ್ಚ್ ನೋಡಿರಲಿಲ್ಲ. ಪೈನ್ ನೋಡಿದ್ದೇನೆ ಎಂದುಕೊಂಡಿದ್ದೆ, ಅದೂ ತಪ್ಪು. ನಾವು ಸುರತ್ಕಲ್ ಕಡೆಯ ಕಡಲ ದಂಡೆಯವರು. ಮನೆಯ ಹಿಂದೆ ಮರಳು, ಮರಳಿನ ಮೇಲೆ ಸಾಲಾಗಿ ಗಾಳಿಮರ. ಅದರ ಸೂಜಿಯಂಥ ಸೊಪ್ಪು ಉದುರಿ ನೆಲವೆಲ್ಲ ಕಂದು ಹಾಸಿಗೆ. ಶಾಲೆ ಬಿಟ್ಟು ಬಂದ ಕೂಡಲೇ ನಾನು, ನನ್ನ ಅಕ್ಕ ತಂತಿಯ ಬಾಚಣಿಗೆ ತೆಗೆದುಕೊಂಡು ಅದನ್ನು ಗುಡಿಸಿ ಗೋಣಿಯಲ್ಲಿ ತುಂಬಬೇಕು. ಬಚ್ಚಲೊಲೆಗೆ ಅದೇ ಕಿಚ್ಚು. ಭರ್ರನೆ ಹತ್ತಿ ಭರ್ರನೆ ಆರುವ ಬೆಂಕಿ. ನೀರು ಬಿಸಿಯಾಗುವಷ್ಟರಲ್ಲಿ ಒಂದು ಗೋಣಿ ಖಾಲಿ. ಅಕ್ಕ ಗೋಣಿಯ ಅಡಿಯಲ್ಲಿ ಮರಳು ತುಂಬಿ ಮೇಲೆ ಸೊಪ್ಪು ಹರಡಿ ಅಮ್ಮನಿಗೆ ತೋರಿಸುತ್ತಿದ್ದಳು. ಅಮ್ಮ ಗೋಣಿ ಎತ್ತಿ ನೋಡಿ ಅವಳಿಗೆ ತಣ್ಣೀರು ಸ್ನಾನ ಮಾಡಿಸುತ್ತಿದ್ದರು. ಆ ಗಾಳಿಮರವೇ ಪೈನ್ ಎಂದು ನಲವತ್ತು ವರ್ಷ ನಂಬಿದ್ದೆ. ಸೂಜಿ ಇದೆ, ಕಾಯಿ ಇದೆ, ಗಾಳಿಗೆ ಸುಯ್ ಎನ್ನುತ್ತದೆ, ಇನ್ನೇನು ಬೇಕು? ಅದು ಪೈನಿನ ಜಾತಿಯೇ ಅಲ್ಲ ಎಂದು ತಿಳಿದದ್ದು ಡಾಕ್ಟ್ರಿಗೆ ಪುಟ ಬರೆಯಲು ಕೂತಾಗ. ಬೇಜಾರಾಯಿತು. ದೂರದ ಸಂಬಂಧಿಕರೆಂದು ತಿಳಿದವರು ಬರೀ ನೆರೆಯವರು ಎಂದು ಗೊತ್ತಾದ ಹಾಗೆ.

ಬರ್ಚ್‌ಗೆ ನಮ್ಮಲ್ಲಿ ಭೂರ್ಜ ಎನ್ನುತ್ತಾರೆ. ಭೂರ್ಜಪತ್ರ ಕೇಳಿದ್ದೀರಲ್ಲ, ಹಿಂದಿನವರು ಬರೆಯುತ್ತಿದ್ದದ್ದು, ಅದರ ತೊಗಟೆಯ ಮೇಲೆ. ಸಾನ್ವಿಗೆ ಇದನ್ನು ಬಹಳ ಹೆಮ್ಮೆಯಿಂದ ಹೇಳಿದೆ. ಅವಳು ಫಿಸಿಕ್ಸ್ ಪುಸ್ತಕದಿಂದ ತಲೆ ಎತ್ತದೆ, "ಸೋ ಯೂ ಆರ್ ಪ್ಲಾಂಟಿಂಗ್ ಪೇಪರ್ ಇನ್ ಅ ಡೆಸರ್ಟ್" ಎಂದಳು. ಮನೆಯಲ್ಲಿ ಆ ದಿನ ಸರಿಯಾದ ಮಾತು ಆಡಿದ್ದು ಅವಳೊಬ್ಬಳೇ.

ನಾಲ್ಕು ಸಂಜೆ ಓದಿ ತಿಳಿದದ್ದು ಇಷ್ಟು. ಬರ್ಚ್ ಎಂದರೆ ಮದುವೆಗೆ ಬಂದ ಗಂಡಿನ ಕಡೆಯವರ ಹಾಗೆ. ನೋಡಲು ಚೆಂದ, ಎದ್ದು ಕಾಣುತ್ತಾರೆ, ಆದರೆ ಹೊತ್ತು ಹೊತ್ತಿಗೆ ಎಲ್ಲ ಆಗಬೇಕು. ಅದರ ಬೇರು ಮೇಲಿನಲ್ಲೇ ಹರಡುತ್ತದೆ, ಆದ್ದರಿಂದ ಬುಡ ತಂಪಾಗಿರಬೇಕು, ತೇವ ಆರಬಾರದು, ಬುಡದ ಸುತ್ತ ತರಗೆಲೆಯೋ ಮರದ ಚಕ್ಕೆಯೋ ದಪ್ಪಗೆ ಹಾಸಬೇಕು. ತಲೆಗೆ ಬಿಸಿಲು ಬೇಕು, ಕಾಲಿಗೆ ನೆರಳು ಬೇಕು. ಚಿಗುರುವ ಕಾಲದಲ್ಲಿ ಕೊಂಬೆ ಕಡಿದರೆ ಗಾಯದಿಂದ ನೀರು ಸುರಿಸುತ್ತಾ ನಿಲ್ಲುತ್ತದೆ. ಒಂದನ್ನೇ ನೆಟ್ಟರೆ ಬಡಕಲಾಗಿ ಕಾಣುತ್ತದೆ, ಮೂರು ಒಟ್ಟಿಗೆ ನೆಡಬೇಕು. ಬಿಸಿಗಾಳಿ ಬಂದರೆ ಮುನಿಸು. ಉಪ್ಪು ನೀರಾದರಂತೂ ಮುಗಿಯಿತು.

ಪೈನ್ ಅದೇ ಮದುವೆಯಲ್ಲಿ ಬಡಿಸಲು ನಿಂತ ಮಾವನ ಹಾಗೆ. ಯಾರೂ ಕೇಳುವುದಿಲ್ಲ, ಕೊನೆಯ ಪಂಕ್ತಿಯಲ್ಲಿ ಊಟ ಮಾಡಿ ಕೈ ತೊಳೆಯುತ್ತಾನೆ. ಅದರಲ್ಲೂ ಮೆಡಿಟರೇನಿಯನ್ ಕಡೆಯ ಪೈನ್ ಇದೆಯಲ್ಲ, ಬಿಸಿಲು ತಡೆಯುತ್ತದೆ, ಸುಣ್ಣದ ನೆಲ ತಡೆಯುತ್ತದೆ, ಬೇರು ಆಳಕ್ಕೆ ಇಳಿಸುತ್ತದೆ. ಎರಡು ವರ್ಷ ನೀರು ಕೊಟ್ಟು ನಿಲ್ಲಿಸಿದರೆ ಆಮೇಲೆ ತಾನೇ ನೋಡಿಕೊಳ್ಳುತ್ತದೆ. ನೀರು ಹೆಚ್ಚಾದರೆ ಮಾತ್ರ ಬೇರು ಕೊಳೆಯುತ್ತದೆ. ಕೊಂಬೆಯನ್ನು ಸೂಜಿ ಇಲ್ಲದ ಜಾಗಕ್ಕೆ ಕಡಿದರೆ ಅಲ್ಲಿಂದ ಮತ್ತೆ ಚಿಗುರುವುದಿಲ್ಲ, ಆದ್ದರಿಂದ ಎಳೆಯ ತುದಿಗಳನ್ನು ಮಾತ್ರ ಚಿವುಟಬೇಕು. ಸಣ್ಣ ಗಿಡವಿದ್ದಾಗಲೇ ನೆಡಬೇಕು, ದೊಡ್ಡದನ್ನು ಕಿತ್ತು ತಂದರೆ ಒಗ್ಗುವುದಿಲ್ಲ.

ಇಷ್ಟು ಓದಿದ ಮೇಲೆ ತೀರ್ಪು ಕೊಡಲು ಪಂಡಿತೆಯೂ ಬೇಕಾಗಿಲ್ಲ. ಪೈನ್ ನೆಡಿ, ಬರ್ಚ್ ಫೋಟೋ ಹಾಕಿಕೊಳ್ಳಿ. ಆದರೆ ನಾನು ಬರೆದದ್ದು ಬೇರೆ. ಡಾಕ್ಟ್ರ ಮುಖ ನೆನಪಾಗಿ, ಸರಿಯಾದ ಆರೈಕೆಯಿದ್ದರೆ ಎರಡೂ ಸಾಧ್ಯ, ಬಾಗಿಲ ಬಳಿ ಮೂರು ಬರ್ಚ್, ಗೋಡೆಯ ಬಳಿ ಮೂರು ಪೈನ್ ಎಂದು ಬರೆದೆ. ಡಾಕ್ಟ್ರು ಓದಿ ಖಲಾಸ್ ಎಂದರು. ಅವರು ಖಲಾಸ್ ಎಂದರೆ ಅದು ಆದ ಹಾಗೆ.

ಆರೈಕೆ ಯಾರು ಮಾಡುವುದು? ಹಸನಾಕ.

ಹಸನಬ್ಬ ಅವರ ಹೆಸರು, ಬಂಟ್ವಾಳ ಕಡೆಯ ಬ್ಯಾರಿಗಳು, ನಾವೆಲ್ಲ ಹಸನಾಕ ಎನ್ನುವುದು. ಐವತ್ತೆಂಟು ವರ್ಷ. ನಾನು ಕೀಲಿ ಕೊಟ್ಟರೆ ಕ್ಲಿನಿಕ್ಕಿನ ಶಟರ್ ಎತ್ತುವವರು, ಚಹಾ ಮಾಡುವವರು, ಪೇಷಂಟುಗಳ ಗಾಡಿ ನಿಲ್ಲಿಸಲು ಜಾಗ ತೋರಿಸುವವರು ಎಲ್ಲ ಅವರೇ. ಹೊಸ ವಿಲ್ಲಾಕ್ಕೆ ಬಂದ ಮೇಲೆ ಗುಡಿಸಲು ಒರೆಸಲು ಒಂದು ಕಂಪನಿಯವರು ಬರತೊಡಗಿದರು. ಲೆಕ್ಕಪತ್ರ ನೋಡುವ ಡಾಕ್ಟ್ರ ತಮ್ಮ, ಈ ಮುದುಕ ಇನ್ನೇಕೆ ಎಂದು ಕೇಳಿದ್ದ. ಹಸನಾಕರ ಇಕಾಮಾ, ಅಂದರೆ ಈ ದೇಶದಲ್ಲಿರುವ ಪರವಾನಗಿ, ಮುಗಿಯುವುದು ಏಪ್ರಿಲ್ ಕೊನೆಗೆ. ಅದನ್ನು ಹೊಸದು ಮಾಡಿಸದಿದ್ದರೆ ಊರಿಗೆ ಹೋಗಬೇಕು. ಆ ವಯಸ್ಸಿನವರಿಗೆ ವೀಸಾಕ್ಕೆ ಹೊಣೆ ನಿಲ್ಲುವ ಬೇರೆ ಕಫೀಲ್ ಸಿಗುವುದು ಕನಸಿನ ಮಾತು. ಡಾಕ್ಟ್ರು ನಮ್ಮಿಬ್ಬರನ್ನೂ ಕರೆದು ನೇರವಾಗಿ ಹೇಳಿದರು: ಈ ಮರಗಳನ್ನು ಹಸನ್ ಬದುಕಿಸಿದರೆ ತಮ್ಮನಿಗೆ ಹೇಳಲು ನನಗೊಂದು ಕಾರಣ ಸಿಗುತ್ತದೆ. ಇಲ್ಲದಿದ್ದರೆ ನನ್ನ ಕೈಯಲ್ಲಿಲ್ಲ.

ಆರು ಗಿಡದ ಕುತ್ತಿಗೆಗೆ ಒಬ್ಬ ಮನುಷ್ಯನ ಇಕಾಮಾ ಕಟ್ಟಿದ ಹಾಗಾಯಿತು.

ಡಿಸೆಂಬರಿನಲ್ಲಿ ನರ್ಸರಿಯ ಭಾಯಿ ಗಾಡಿಯಲ್ಲಿ ಗಿಡ ತಂದ. ಬರ್ಚ್ ಎಲ್ಲಿಂದಲೋ ತಣ್ಣನೆಯ ಕಂಟೇನರಿನಲ್ಲಿ ಬಂದದ್ದಂತೆ, ಎಲೆಯಿಲ್ಲದೆ ಕೋಲಿನ ಹಾಗಿತ್ತು. ಇಳಿಸುತ್ತಾ ಅವನು ನನ್ನ ಕಿವಿಗೆ ಮಾತ್ರ ಕೇಳುವಂತೆ, "ಮೇಡಂ, ಯೇ ಏಕ್ ಗರ್ಮಿ ಕಾ ಮೆಹಮಾನ್ ಹೈ" ಎಂದ. ಒಂದು ಬೇಸಿಗೆಯ ಅತಿಥಿ. ಪೈನ್ ಬಗ್ಗೆ ಕೇಳಿದ್ದಕ್ಕೆ, ಅದು ನಿಮ್ಮನ್ನೂ ನನ್ನನ್ನೂ ಕಳುಹಿಸಿಕೊಟ್ಟ ಮೇಲೂ ನಿಂತಿರುತ್ತದೆ ಎಂದು ನಕ್ಕ.

ನಾನು ಈ ಮಾತನ್ನು ಹಸನಾಕರಿಗೆ ಹೆದರುತ್ತಾ ಮುಟ್ಟಿಸಿದೆ. ಅವರು ಹಾರೆ ನೆಲಕ್ಕೆ ಊರಿ ನಿಂತು ಲೆಕ್ಕ ಹಾಕಿದರು.

"ಗರ್ಮಿ ಯಾವಾಗ ಅಕ್ಕ, ಜೂನ್ ಅಲ್ವಾ? ನನಗೆ ಏಪ್ರಿಲ್ ಸಾಕು. ಆಮೇಲೆ ಅದು ಬೇಕಾದರೆ ಸಾಯಲಿ, ಬೇಕಾದರೆ ಹಜ್ಜಿಗೆ ಹೋಗಲಿ."

ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಕರೆಯುವುದು ಅಕ್ಕ. ನಮ್ಮ ಕಡೆ ಹಾಗೆ.

ಹಸನಾಕ ನನ್ನ ಪುಟವನ್ನು ಓದಲಿಲ್ಲ. ಅವರಿಗೆ ಬೇಕಾಗಿಯೂ ಇರಲಿಲ್ಲ. ಮೇಲಿನ ಮರಳಿನ ಕೆಳಗೆ ಕಲ್ಲಿನಂಥ ಗಟ್ಟಿ ಪದರ ಇರುತ್ತದೆ ಇಲ್ಲಿ; ಅದನ್ನು ಕಬ್ಬಿಣದ ಸಲಾಕೆಯಿಂದ ಮೂರು ದಿನ ಕುಟ್ಟಿ ಒಡೆದರು. ಹೊಂಡಕ್ಕೆ ನೀರು ತುಂಬಿಸಿ ಇಂಗುತ್ತದೋ ಇಲ್ಲವೋ ನೋಡಿದರು. ಕಾಂಪೌಂಡಿನಲ್ಲಿ ಎರಡು ನಲ್ಲಿಯಿತ್ತು. ಒಂದು ಸಿಹಿನೀರು, ಇನ್ನೊಂದು ತೋಟಕ್ಕೆಂದು ಬರುವ ಅರೆ ಉಪ್ಪುನೀರು. ಉಪ್ಪುನೀರಿನ ನಲ್ಲಿಗೆ ಹಳೆಯ ಕಾಲುಚೀಲ ಕಟ್ಟಿ ಗಂಟು ಹಾಕಿದರು, ಯಾರೂ ಮರೆತು ತಿರುಗಿಸಬಾರದೆಂದು. ಬರ್ಚಿನ ಬುಡಕ್ಕೆ ಹಲಗೆಯಂಗಡಿಯಿಂದ ಮರದ ಚಕ್ಕೆ ತಂದು ಹಾಸಿದರು. ಗೋಣಿಯಿಂದ ತಟ್ಟಿ ಕಟ್ಟಿ ಬಿಸಿಲಿಗೆ ಮರೆ ಮಾಡಿದರು. ಬೆಳಿಗ್ಗೆ ಬಂದ ಕೂಡಲೇ ಬೆರಳನ್ನು ಮಣ್ಣಿಗೆ ಚುಚ್ಚಿ ನೋಡುವುದು, ಆಮೇಲೆ ಚಹಾ. ಹಲ್ಲು ಕೀಳಿಸಲು ಬಂದವರು ಅದನ್ನು ನೋಡಿ ಇಲ್ಲಿ ಜ್ವರವನ್ನೂ ನೋಡುತ್ತಾರಾ ಎಂದು ಕೇಳಿದ್ದುಂಟು.

ಫೆಬ್ರವರಿಯ ಕೊನೆಗೆ ಬರ್ಚ್ ಚಿಗುರಿತು. ಡಾಕ್ಟ್ರು ಹೊರಗೆ ಬಂದು ಒಂದು ಎಲೆಯನ್ನು ಮುಟ್ಟಿ, ಬೆರಳನ್ನು ಮೂಸಿಕೊಂಡು ಒಳಗೆ ಹೋದರು. ಆ ದಿನ ನಮಗೆಲ್ಲ ಕುನಾಫಾ ಸಿಹಿ ತರಿಸಿದರು. ಹಸನಾಕ ತಮ್ಮ ಪಾಲನ್ನು ರೂಮಿಗೆ ಕಟ್ಟಿಕೊಂಡು ಹೋದರು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ.

ನನ್ನ ಪೇಜಿಗೆ ಹೊಸ ವೀಡಿಯೋ ಬೇಕಿತ್ತು. ಬಸಳೆ ನೋಡಿ ನೋಡಿ ಜನರಿಗೆ ಸಾಕಾಗಿತ್ತು. ಮರಳುಗಾಡಿನಲ್ಲಿ ಬರ್ಚ್, ಅದಕ್ಕೆ ನಮ್ಮ ಕರಾವಳಿಯ ಆರೈಕೆ ಎಂದು ಶೀರ್ಷಿಕೆ ಹೊಳೆಯಿತು. ಶೀರ್ಷಿಕೆ ಮೊದಲು ಬಂತು, ಆರೈಕೆಯನ್ನು ಆಮೇಲೆ ಹುಡುಕಿದೆ. ಕರಾವಳಿಯ ಆರೈಕೆ ಎಂದರೆ ಏನು? ನನ್ನ ತಲೆಯಲ್ಲಿ ಒಂದೇ ಇತ್ತು, ತೆಂಗಿನ ಬುಡ ಬಿಡಿಸಿ ಉಪ್ಪು ಹಾಕುವುದು. ನಮ್ಮ ಅಮ್ಮ ವರ್ಷಕ್ಕೊಮ್ಮೆ ಪ್ರತಿ ತೆಂಗಿನ ಸುತ್ತ ಕಟ್ಟೆ ಬಿಡಿಸಿ, ಬೂದಿ, ಸೊಪ್ಪು, ಮೇಲೆ ಬೊಗಸೆ ತುಂಬ ಕಲ್ಲುಪ್ಪು ಹಾಕುತ್ತಿದ್ದರು. ಉಪ್ಪು ತಿಂದ ಮರ ಋಣ ಇಟ್ಟುಕೊಳ್ಳುವುದಿಲ್ಲ ಎಂದು ಅವರ ಮಾತು. ಉಪ್ಪು ನುಂಗಿ ಬೆಳೆಯುವ ಮರಕ್ಕೆ ಅದು ಸರಿ. ಆದರೆ ಚಿಕ್ಕಂದಿನಲ್ಲಿ ಕಂಡದ್ದು ತಲೆಯಲ್ಲಿ ಮರ ಎಂದು ಕೂರುತ್ತದೆಯೇ ಹೊರತು ತೆಂಗು ಎಂದು ಕೂರುವುದಿಲ್ಲ. ನಾನೇ ಬರೆದ ಪುಟದಲ್ಲಿ, ನನ್ನದೇ ಕೈಯಿಂದ, ಬರ್ಚ್‌ಗೆ ಉಪ್ಪು ಆಗದು ಎಂದಿತ್ತು. ಅದು ಓದಿದ್ದು. ಇದು ಕಂಡದ್ದು. ಕಂಡದ್ದು ಗೆದ್ದಿತು.

ಹಸನಾಕರಲ್ಲಿ ಹೇಳಿದೆ. ಅವರ ಮನೆಯಲ್ಲೂ ತೆಂಗಿದೆ, ಅವರೂ ಉಪ್ಪು ಹಾಕಿ ಬೆಳೆದವರೇ. ಆದರೂ, ಇಲ್ಲಿ ನೆಲವೇ ಉಪ್ಪು ಅಕ್ಕ, ಸಮುದ್ರಕ್ಕೆ ನೀವು ಮೀನು ಮಾರಲಿಕ್ಕೆ ಹೋಗುದಾ ಎಂದು ನಕ್ಕು ಒಳಗೆ ಹೋದರು. ನನಗೆ ಸ್ವಲ್ಪ ಅವಮಾನವಾಯಿತು. ಪಂಡಿತೆ ನಾನೋ ಅವರೋ?

ಮಾರ್ಚ್ ನಡುವಿನ ಒಂದು ಶುಕ್ರವಾರ, ಕ್ಲಿನಿಕ್ಕಿಗೆ ರಜೆ. ಕೀಲಿ ನನ್ನ ಬಳಿಯೇ ಇರುತ್ತಿತ್ತು. ಎರಡು ಕಿಲೋ ಕಲ್ಲುಪ್ಪು ತೆಗೆದುಕೊಂಡು ಹೋಗಿ, ಫೋನನ್ನು ಕಿಟಕಿಯಲ್ಲಿ ನಿಲ್ಲಿಸಿ, ಚಕ್ಕೆ ಸರಿಸಿ, ಆರು ಗಿಡಕ್ಕೂ ಒಂದೊಂದು ಬೊಗಸೆ ಹಾಕಿ, ಮಣ್ಣು ಮುಚ್ಚಿ ನೀರು ಹೊಯ್ದೆ. ಅಮ್ಮನ ಮಾತನ್ನೂ ಸೇರಿಸಿ ಚೆನ್ನಾಗಿ ಮಾತಾಡಿದೆ. ವೀಡಿಯೋಕ್ಕೆ ಹೃದಯಗಳು ಸುರಿದವು. ಕಾರವಾರದ ಒಬ್ಬ ಹಿರಿಯರು ಮಾತ್ರ, "ತಂಗೀ, ಅದು ತೆಂಗಲ್ಲ" ಎಂದು ಬರೆದರು. ಅವರಿಗೆ ಒಂದು ನಗುವ ಮುಖ ಕಳಿಸಿದೆ.

ಹತ್ತು ದಿನಕ್ಕೆ ಬರ್ಚಿನ ಎಲೆಗಳ ಅಂಚು ಸುಟ್ಟ ಹಪ್ಪಳದ ಹಾಗಾಯಿತು. ಮೂರು ವಾರಕ್ಕೆ ಮೂರೂ ಬೋಳು. ಕೊಂಬೆ ಮುರಿದರೆ ಪಟ್ ಎನ್ನುತ್ತಿತ್ತು, ಒಳಗೆ ಹಸಿರಿಲ್ಲ. ಪೈನಿನಲ್ಲಿ ಒಂದು ಹೋಯಿತು, ಉಳಿದೆರಡು ತುದಿ ಕೆಂಪಾದರೂ ನಿಂತವು. ಮಾವ ಎಂದೆನಲ್ಲ, ಹಾಗೆ. ನಾನು ಆ ವೀಡಿಯೋವನ್ನು ತೆಗೆದುಹಾಕಿದೆ. ಇದನ್ನು ಮೊದಲು ಮಾಡಿದೆ ಎನ್ನುವುದನ್ನು ಗಮನಿಸಿ. ಬೇರೆ ಏನನ್ನೂ ಮಾಡುವ ಮೊದಲು.

ಏಪ್ರಿಲ್ ಎರಡನೇ ವಾರದ ಭಾನುವಾರ ನರ್ಸರಿಯ ಭಾಯಿ ಬಂದ. ಬುಡ ಕೆದಕಿದ, ಬಿಳಿ ಪದರ ತೋರಿಸಿದ, ಉಪ್ಪುನೀರು ಹೋಗಿದೆ ಎಂದ. ಡಾಕ್ಟ್ರು ಉಪ್ಪುನೀರಿನ ನಲ್ಲಿ ನೋಡಿದರು, ಅದಕ್ಕೆ ಕಟ್ಟಿದ ಕಾಲುಚೀಲ ನೋಡಿದರು, ಹಸನಾಕರನ್ನು ನೋಡಿದರು. ಹಸನಾಕ ಸಿಹಿನೀರೇ ಹಾಕಿದ್ದು ಎಂದು ಒಂದು ಸಲ ಹೇಳಿದರು. ಎರಡನೇ ಸಲ ಹೇಳಲಿಲ್ಲ. ಡಾಕ್ಟ್ರು ಬೈಯಲಿಲ್ಲ. ಬೈಯುವವರಾಗಿದ್ದರೆ ಚೆನ್ನಾಗಿತ್ತು. ಒಳಗೆ ಬಂದು ನನ್ನ ಕೌಂಟರಿನ ಮೇಲೆ ಕೈಯಿಟ್ಟು, ಇಕಾಮಾ ಹೊಸದು ಮಾಡುವುದು ಬೇಡ, ಹಸನ್‌ನ ಕ್ಯಾನ್ಸಲ್ ಮಾಡುವ ಕಾಗದ ಸಿದ್ಧಮಾಡು ಎಂದರು.

ನಾನು ಓಕೆ ಡಾಕ್ಟರ್ ಎಂದೆ.

ಹೌದು, ಹಾಗೆಯೇ ಎಂದೆ. ಬೈಯುವವರು ಬೈಯಬಹುದು, ನಾನೂ ನಿಮ್ಮ ಜೊತೆ ಸೇರುತ್ತೇನೆ. ಆ ದಿನಗಳಲ್ಲಿ ನನ್ನ ತಲೆಯೊಳಗೆ ಬಹಳ ಒಳ್ಳೆಯ ವಕೀಲರು ಇದ್ದರು. ಬರ್ಚ್ ಹೇಗೂ ಜುಲೈಗೆ ಸಾಯುತ್ತಿತ್ತು, ಭಾಯಿಯೇ ಹೇಳಿದ್ದ. ಹಸನಾಕ ಹೇಗೂ ಒಂದೆರಡು ವರ್ಷದಲ್ಲಿ ಊರಿಗೆ ಹೋಗುವವರೇ. ಸಾನ್ವಿಗೆ ಪರೀಕ್ಷೆ ಮುಗಿದಿಲ್ಲ, ಈಗ ನನ್ನ ಕೆಲಸ ಹೋದರೆ ಏನು? ಪ್ರತಿಯೊಂದು ಮಾತೂ ನಿಜ. ನಿಜ ನಿಜ ಸೇರಿಸಿ ಒಂದು ಸುಳ್ಳು ಕಟ್ಟಬಹುದು ಎಂದು ನನಗೆ ಆಗ ಗೊತ್ತಾಯಿತು. ಕಾಗದ ಅರ್ಧ ಟೈಪ್ ಮಾಡಿದೆ. ಪ್ರಿಂಟರ್ ಸರಿಯಿಲ್ಲ ಎಂದೆ. ಪ್ರಿಂಟರ್ ಸರಿಯಾಗಿಯೇ ಇತ್ತು.

ಬುಧವಾರ ಮಧ್ಯಾಹ್ನ, ಪೇಷಂಟುಗಳಿಲ್ಲದ ಹೊತ್ತು. ಹಸನಾಕ ನನ್ನ ಟೇಬಲಿನ ಮೇಲೆ ಚಹಾ ಇಟ್ಟು ಹೋಗದೆ ನಿಂತರು.

"ಆ ಕಾಗದದಲ್ಲಿ ಕಾರಣ ಅಂತ ಒಂದು ಜಾಗ ಉಂಟಲ್ಲ ಅಕ್ಕ. ಅದರಲ್ಲಿ ಎಂತ ಬರಿತೀರಿ?"

ಇನ್ನೂ ಬರೆದಿಲ್ಲ ಎಂದೆ.

"ನೀರು ತಪ್ಪಿ ಹಾಕಿದ ಅಂತ ಬರಿಬೇಡಿ. ವಯಸ್ಸಾಯ್ತು ಅಂತ ಬರೀರಿ. ಅದು ಸುಳ್ಳಲ್ಲ."

ಅವರು ದನಿ ಏರಿಸಲಿಲ್ಲ. ಆ ಶುಕ್ರವಾರದ ಮರುದಿನ ಬೆಳಿಗ್ಗೆ ಬೆರಳು ಚುಚ್ಚಿದಾಗಲೇ ಕಲ್ಲುಪ್ಪು ಸಿಕ್ಕಿತ್ತಂತೆ. ಸಿಕ್ಕಿದಷ್ಟನ್ನು ಕೈಯಲ್ಲಿ ಗೋರಿ ತೆಗೆದು, ನಾಲ್ಕು ದಿನ ಸಿಹಿನೀರು ಹರಿಸಿ ತೊಳೆದಿದ್ದರಂತೆ. ಪೈನ್ ಎರಡು ಉಳಿದದ್ದು ಹಾಗೆ. ಕ್ಲಿನಿಕ್ಕಿನ ಕೀಲಿ ಇರುವುದು ಯಾರ ಬಳಿ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಡಾಕ್ಟ್ರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಈ ಪ್ರಶ್ನೆಯನ್ನು ಕೇಳುವ ಮುಖ ನನಗೆ ಎಲ್ಲಿಂದ ಬಂತೋ, ದೇವರಿಗೇ ಗೊತ್ತು.

"ನಾನು ಹೇಳಿದರೆ ನೀವು ಅಲ್ಲ ಅಂತ ಹೇಳ್ತಿದ್ರಿ. ಆಗ ಕೆಲಸವೂ ಹೋಯ್ತು, ಸುಳ್ಳ ಅಂತ ಹೆಸರೂ ಬಂತು. ಒಂದಾದರೂ ಉಳೀಲಿ ಅಂತ."

ಅಲ್ಲ, ನಾನು ಹಾಗೆ ಹೇಳುತ್ತಿರಲಿಲ್ಲ ಎನ್ನಲು ಹೊರಟೆ. ಆದರೆ ಖಂಡಿತ ಹೇಳುತ್ತಿದ್ದೆ. ಅವರು ಲೆಕ್ಕ ತಪ್ಪುವವರಲ್ಲ.

ಮರುದಿನ ಗುರುವಾರ. ಎರಡು ಪೇಷಂಟುಗಳ ನಡುವೆ ಡಾಕ್ಟ್ರ ಕೋಣೆಗೆ ಹೋದೆ. ಅವರು ಕೈಗವಸು ಕಳಚುತ್ತಿದ್ದರು. ನಾನು ರಾತ್ರಿಯೆಲ್ಲ ಇಂಗ್ಲಿಷಿನಲ್ಲಿ ಸಿದ್ಧಮಾಡಿಕೊಂಡಿದ್ದ ಪೀಠಿಕೆ ಬಾಗಿಲಲ್ಲೇ ಉದುರಿತು. ನೀರಲ್ಲ, ಉಪ್ಪು, ನಾನು ಹಾಕಿದ್ದು, ಹಾಕುವಾಗ ಹಸನ್‌ಗೆ ಗೊತ್ತಿರಲಿಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಮರಕ್ಕೆ ಯಾರಾದರೂ ಉಪ್ಪು ಹಾಕುತ್ತಾರೆಯೇ ಎಂದು ಕೇಳಿದರು, ಕೋಪದಿಂದಲ್ಲ, ನಿಜವಾಗಿ ತಿಳಿಯಲು. ನಮ್ಮೂರಲ್ಲಿ ತೆಂಗಿಗೆ ಹಾಕುತ್ತಾರೆ ಎಂದೆ. ಅಮ್ಮ, ಬೂದಿ, ಸೊಪ್ಪು, ಬೊಗಸೆ ಎಲ್ಲ ಕೈಸನ್ನೆಯಲ್ಲಿ ವಿವರಿಸಿದೆ. ಹಲ್ಲಿನ ಕುರ್ಚಿಯ ಪಕ್ಕ ನಿಂತು ಬೊಗಸೆ ಹಿಡಿದು ತೋರಿಸುವ ನಲವತ್ತಾರರ ಹೆಂಗಸನ್ನು ಊಹಿಸಿಕೊಳ್ಳಿ.

ಡಾಕ್ಟ್ರು ಪೂರ್ತಿ ಕೇಳಿದರು. ಆಮೇಲೆ, "ನನ್ನ ಮರಗಳಲ್ಲಿ ನಿನಗೆ ಎಲ್ಲಾದರೂ ತೆಂಗಿನಕಾಯಿ ಕಂಡಿತಾ?" ಎಂದು ಕೇಳಿದರು.

ಇಲ್ಲ ಎಂದೆ. ಹನ್ನೊಂದು ವರ್ಷದಲ್ಲಿ ಅವರಿಗೆ ನಾನು ಕೊಟ್ಟ ಅತ್ಯಂತ ಪ್ರಾಮಾಣಿಕ ಉತ್ತರ.

ಕೀಲಿಗೊಂಚಲು ಕೇಳಿದರು. ಕೊಟ್ಟೆ. ಹಸನ್‌ನನ್ನು ಕಳುಹಿಸು ಎಂದರು. ಮುಂದಿನ ಪೇಷಂಟನ್ನೂ ಕಳುಹಿಸು ಎಂದರು. ಅಷ್ಟೇ. ಕೆಲಸ ಹೋಗಲಿಲ್ಲ, ಆದರೆ ಕೀಲಿ ವಾಪಸು ಬರಲಿಲ್ಲ. ಅದು ಈಗಲೂ ಹಸನಾಕರ ಸೊಂಟದಲ್ಲಿದೆ, ನಾನು ಬೆಳಿಗ್ಗೆ ಬೇಗ ಹೋದರೆ ಅವರು ಬರುವವರೆಗೆ ಮೆಟ್ಟಿಲ ಮೇಲೆ ಕೂರುತ್ತೇನೆ. ಡಾಕ್ಟ್ರು ನನ್ನಲ್ಲಿ ಗಿಡದ ವಿಷಯ ಮತ್ತೆ ಎತ್ತಿಲ್ಲ, ಹಾಸ್ಟೆಲಿನ ವಿಷಯವನ್ನೂ ಎತ್ತಿಲ್ಲ. ಎರಡನೆಯದು ನನಗೆ ಹೆಚ್ಚು ನೋವು. ಬರ್ಚ್ ನಿಂತ ಜಾಗದಲ್ಲಿ ಹಸನಾಕ ಏನನ್ನೂ ನೆಟ್ಟಿಲ್ಲ. ಕೇಳಿದರೆ, ಬಾಗಿಲ ಹತ್ತಿರ ಸ್ವಲ್ಪ ಗಾಳಿ ಬರಲಿ ಎನ್ನುತ್ತಾರೆ. ಪೈನ್ ಎರಡೂ ಈಗ ಅವರ ಎತ್ತರಕ್ಕೆ ಬಂದಿವೆ.

ಆ ಗುರುವಾರ ಡಾಕ್ಟ್ರು ಹೇಳಿದಂತೆ ಇಕಾಮಾ ಹೊಸದು ಮಾಡುವ ಕಾಗದವನ್ನು ನಾನೇ ಟೈಪ್ ಮಾಡಿ ಸಹಿಗೆ ಹಸನಾಕರ ಮುಂದೆ ಇಟ್ಟೆ. ನನಗೆ ಒಳಗೊಳಗೇ ಒಂದು ಆಸೆ ಇತ್ತು, ಅವರು ಏನಾದರೂ ಹೇಳುತ್ತಾರೆ ಎಂದು. ಧನ್ಯವಾದ ಅಲ್ಲದಿದ್ದರೂ, ಹೋಗಲಿ ಅಕ್ಕ ಎಂದಾದರೂ. ಹಸನಾಕ ನಿಧಾನವಾಗಿ ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟರು.

"ಭಾನುವಾರದಿಂದ ಇವತ್ತಿಗೆ ಎಷ್ಟು ದಿನ ಆಯ್ತು ಅಕ್ಕ?"

"ನಾಲ್ಕು."

"ಹ್ಞಾ" ಎಂದು ಹೇಳಿ, ಖಾಲಿ ಲೋಟ ಎತ್ತಿಕೊಂಡು ಹೋದರು.

ತಪ್ಪು ಒಪ್ಪಿಕೊಂಡೆ ಎಂದು ಈ ಕಥೆಯನ್ನು ನಾನು ಹೆಮ್ಮೆಯಿಂದ ಹೇಳಬಹುದಿತ್ತು, ಆ ಪ್ರಶ್ನೆ ಒಂದು ಇಲ್ಲದಿದ್ದರೆ. ಆದ್ದರಿಂದ ನಿಮ್ಮಲ್ಲಿ ಕೇಳುತ್ತಿದ್ದೇನೆ. ನೀವು ಮಾಡಿದ ತಪ್ಪನ್ನು ಇನ್ನೊಬ್ಬರು ಹೊತ್ತು ನಿಂತದ್ದನ್ನು ನೋಡುತ್ತಾ ಎಂದಾದರೂ ಸುಮ್ಮನೆ ಕೂತಿದ್ದರೆ, ಕೆಳಗೆ ಬರೆಯಿರಿ. ಹೆಸರು ಬೇಡ, ಊರು ಬೇಡ, ನಾನು ಯಾರಿಗೂ ತೀರ್ಪು ಕೊಡುವ ಸ್ಥಿತಿಯಲ್ಲಿಲ್ಲ. ಕಥೆ ಬರೆಯಲು ಮನಸ್ಸಿಲ್ಲದಿದ್ದರೆ ಬಿಡಿ, ಎಷ್ಟು ದಿನ ತೆಗೆದುಕೊಂಡಿರಿ ಎಂಬ ಒಂದು ಸಂಖ್ಯೆ ಬರೆದರೂ ಸಾಕು. ಇನ್ನೂ ಹೇಳದೆ ಇರುವವರು ಇವತ್ತಿನವರೆಗೆ ಎಣಿಸಿ ಬರೆಯಿರಿ.